ಹಸರು ಹಿಕ್ಕಿ, ಕಾಲು ಸೋತ ಹ್ಯಾಟಿ: ಕೊಕ್ಕರೆ ರೋಗಾನೋ, ಬ್ಯಾರೆ ಏನರ ಐತೋ?

ಹಿತ್ತಲ ಕೋಳಿ, ಹುನಗುಂದ

ಎಲ್ಲಾರಿಗೂ ನಮಸ್ಕಾರ್ರಿ. ಜವಾರಿ ಕೋಳಿ 14 ಇದ್ವು, 11 ದಿನದಾಗ 3 ಹ್ಯಾಟಿ ಸತ್ತಾವ. ಒಮ್ಮೆಲೆ ಅಲ್ಲ, ಮೂರ್ನಾಲ್ಕು ದಿನಕ್ಕ ಒಂದು. ಮೊದ್ಲ ಮೇವು ಬಿಡ್ತಾವ, ಗರಿ ಉಬ್ಬಿಸ್ಕೊಂಡು ಮೂಲ್ಯಾಗ ಕುಂದರತಾವ, ನೀರು ಮಾತ್ರ ಬಾಳ ಕುಡಿತಾವ. ಹಿಕ್ಕಿ ಹಸರು, ನೀರ ನೀರ. ಜುಟ್ಟು ಬಿಳಚಗೊಳ್ತೈತಿ, ಆಮ್ಯಾಲೆ ಕಾಲು ಸೋಲ್ತಾವ. ಕತ್ತು ತಿರುಚಿಲ್ಲ, ಗೊರಗೊರ ಸಪ್ಪಳಾನೂ ಇಲ್ಲ. ಬಾಜೂ ಮನಿ ಕೋಳಿ ಆರಾಮ ಅದಾವ. ಗೂಡು ಹಳೇ ಕಲ್ಲಿನ ಗ್ವಾಡಿ, ಮ್ಯಾಲೆ ಕಟಗಿ ಜಂತಿ. ಅಂಗಡ್ಯಾಗ ಕೊಟ್ಟ ಟೆಟ್ರಾಸೈಕ್ಲಿನ್ ಪುಡಿ ಎರಡು ದಿನ ನೀರಾಗ ಹಾಕಿದೆ, ಕಡಿಮಿ ಆದಂಗಾಗಿ ಮತ್ತೊಂದು ಹ್ಯಾಟಿ ಮಲಗೈತಿ. ಲಸಿಕಿ ಯಾವುದೂ ಆಗಿಲ್ಲ. ನೋಡಿದವರೆಲ್ಲಾ ಕೊಕ್ಕರೆ ರೋಗ ಅಂತಾರ. ಈಗ ಲಸಿಕಿ ಹಾಕ್ಸಿದ್ರ ನಡೀತೈತೇನ್ರಿ?

ನಿವೃತ್ತ ಪಶು ಪರಿವೀಕ್ಷಕ, ಜಮಖಂಡಿ

ಲಸಿಕೆಗೆ ಅವಸರ ಮಾಡಬೇಡಿ. ಮೊದಲು ಹಸಿರು ಹಿಕ್ಕೆಯ ಮಾತು. ಕೋಳಿ ಒಂದು ದಿನ ಹೊಟ್ಟೆಗೆ ತಿನ್ನದಿದ್ದರೆ ಕರುಳಿನಲ್ಲಿ ಪಿತ್ತ ಮಾತ್ರ ಉಳಿಯುತ್ತದೆ, ಅದೇ ಹಸಿರಾಗಿ ಬೀಳುತ್ತದೆ. ಯಾವ ಜ್ವರದಲ್ಲೂ ಹಾಗಾಗಬಹುದು. ಬಣ್ಣ ನೋಡಿ ರೋಗದ ಹೆಸರು ಹೇಳುವುದರಿಂದಲೇ ನಮ್ಮ ಕಡೆ ಎಷ್ಟೋ ಕೋಳಿ ತಪ್ಪು ಔಷಧಿಯಲ್ಲಿ ಹೋಗುತ್ತವೆ.

ಸಾವು ಹೇಗೆ ಹಬ್ಬುತ್ತಿದೆ ಎನ್ನುವುದು ಅದಕ್ಕಿಂತ ಹೆಚ್ಚು ಹೇಳುತ್ತದೆ. ಲಸಿಕೆ ಕಾಣದ ಹಿಂಡಿಗೆ ರಾಣಿಖೇತ್, ಅಂದರೆ ಕೊಕ್ಕರೆ ರೋಗ, ಹೊಕ್ಕರೆ ಸಾಮಾನ್ಯವಾಗಿ ವಾರದೊಳಗೆ ಗೂಡು ಖಾಲಿ ಮಾಡುತ್ತದೆ, ಓಣಿಯ ಕೋಳಿಗಳನ್ನೂ ಬಿಡುವುದಿಲ್ಲ. ಬಾಯಿ ತೆರೆದು ಉಸಿರು ಎಳೆಯುತ್ತವೆ, ಬದುಕುಳಿದವು ಕತ್ತು ತಿರುಚುತ್ತವೆ. ನಿಮ್ಮಲ್ಲಿ ಒಂದೇ ಗೂಡು, ಒಂದೊಂದೇ ಸಾವು, ಬಿಳಚಿದ ಜುಟ್ಟು, ಕಲ್ಲು ಗೋಡೆ, ಮೇಲೆ ಬೇಸಿಗೆ. ಟೆಟ್ರಾಸೈಕ್ಲಿನ್‌ಗೆ ಸ್ವಲ್ಪ ಬಗ್ಗಿದೆ ಅಂತಲೂ ಹೇಳುತ್ತೀರಿ. ರಾಣಿಖೇತ್ ವೈರಸ್ಸಿನ ರೋಗ, ಯಾವ ಆಂಟಿಬಯೋಟಿಕ್‌ಗೂ ಬಗ್ಗುವುದಿಲ್ಲ. ನನಗೆ ಉಣ್ಣಿ ಜ್ವರದ ಅನುಮಾನ. ಕೋಳಿ ಉಣ್ಣಿ ಕಚ್ಚಿದಾಗ ಸುರುಳಿಯಾಕಾರದ ಒಂದು ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಬರುವ ಕಾಯಿಲೆ ಅದು, ಬೇಗ ಹಿಡಿದರೆ ಗುಣವಾಗುತ್ತದೆ.

ಖಾತ್ರಿ ಮಾಡಿಕೊಳ್ಳಲು ರಕ್ತ ಪರೀಕ್ಷೆ ಬೇಕು. ರೆಕ್ಕೆ ಕೆಳಗಿನ ನರದಿಂದ ಒಂದು ಹನಿ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರುತ್ತಾರೆ. ಆದರೆ ಇವತ್ತು ಹೊಸದಾಗಿ ಜ್ವರ ಬಂದ ಕೋಳಿಯನ್ನೇ ಒಯ್ಯಿರಿ. ಕಾಲು ಸೋತು ಮೈ ತಣ್ಣಗಾಗುವ ಹೊತ್ತಿಗೆ ರೋಗಾಣು ರಕ್ತದಿಂದ ಮರೆಯಾಗಿರುತ್ತದೆ, ಪರೀಕ್ಷೆಯಲ್ಲಿ ಏನೂ ಕಾಣುವುದಿಲ್ಲ.

ಸತ್ತರೆ ಮನೆಯಲ್ಲಿ ಕೊಯ್ಯಬೇಡಿ. ಗರಿಯನ್ನು ಸೋಪಿನ ನೀರಿನಿಂದ ತೋಯಿಸಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸುತ್ತ ಐಸ್ ಇಟ್ಟು ಅದೇ ದಿನ ಪಶು ಆಸ್ಪತ್ರೆಗೆ ಮುಟ್ಟಿಸಿ. ಫ್ರೀಜರಿನಲ್ಲಿ ಇಟ್ಟರೆ ಒಳಗಿನ ಅಂಗಾಂಗ ಕೆಡುತ್ತವೆ. ಉಣ್ಣಿ ಜ್ವರದಲ್ಲಿ ಗುಲ್ಮ ಊದಿ ಚುಕ್ಕೆ ಚುಕ್ಕೆಯಾಗಿರುತ್ತದೆ, ರಾಣಿಖೇತ್‌ನಲ್ಲಿ ಹೊಟ್ಟೆಯ ಒಳಪದರದಲ್ಲಿ ರಕ್ತದ ಚುಕ್ಕೆ ಕಾಣುತ್ತವೆ. ಜುಟ್ಟು ನೀಲಿಗಟ್ಟಿ ಒಂದೇ ದಿನದಲ್ಲಿ ಹಲವು ಸತ್ತರೆ ಮಾತ್ರ ಯಾವುದನ್ನೂ ಮುಟ್ಟಬೇಡಿ, ಸಾಗಿಸಬೇಡಿ. ಅದು ಹಕ್ಕಿಜ್ವರವೂ ಇರಬಹುದು, ಮೊದಲು ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.

ಜವಾರಿ ಹುಂಜ, ಮುಧೋಳ

ಸರ್ ಹೇಳಿದ್ದು ಖರೇ ಐತಿ. ಉಣ್ಣಿ ಹುಡುಕೋದು ಹ್ಯಾಂಗ ಅಂತ ಹೇಳ್ತೀನಿ. ಹಗಲೊತ್ತು ಕೋಳಿ ಮೈ ಮ್ಯಾಲೆ ಹುಡುಕಿದ್ರ ದೊಡ್ಡವು ಸಿಗಂಗಿಲ್ಲ. ರಾತ್ರಿ ಬಂದು ಅರ್ಧ ಪೌಣ ತಾಸು ರಕ್ತ ಕುಡಿದು ಮತ್ತ ಗ್ವಾಡಿ ಸಂದ್ಯಾಗ ಹೋಗಿ ಅಡಕ್ಕೊಂತಾವ. ಹತ್ತು ಗಂಟೆ ಆದ ಮ್ಯಾಲೆ ಬ್ಯಾಟರಿ ತಗೊಂಡು ಹೋಗ್ರಿ. ಕೋಳಿ ಕುಂದ್ರೋ ಕೋಲಿನ ತುದಿ, ಜಂತಿ ಕೂಡಿದ ಜಾಗ, ಕಲ್ಲಿನ ಸಂದಿ ನೋಡ್ರಿ, ಸಣ್ಣ ಕಡ್ಡಿಲೆ ಕೆದರ್ರಿ. ಹೊಟ್ಟಿ ತುಂಬಿದ್ದು ನೀಲಿಗಪ್ಪಗ ಉಬ್ಬಿರತೈತಿ, ಹಸಿದದ್ದು ಕಂದು ಬಣ್ಣದ್ದು, ಚಪ್ಪಟಿ, ಹುಣಸಿಬೀಜದ ಸಿಪ್ಪಿ ಅಂಟಿಸಿದಂಗ ಕಾಣತೈತಿ. ಮರಿ ಉಣ್ಣಿ ಮಾತ್ರ ಒಂದು ವಾರದಷ್ಟು ಮೈ ಬಿಡಂಗಿಲ್ಲ. ರೆಕ್ಕಿ ಬುಡದಾಗ ಗರಿ ಸರಿಸಿದ್ರ ರಾಗಿ ಕಾಳಿನಂಗ ಕರೇ ಕಾಳು ಸಿಗ್ತಾವ.

ಗೀತಕ್ಕ, ಇಂಡಿ

ಮಲಗಿದ ಹ್ಯಾಟೀನ ಬ್ಯಾರೆ ಬುಟ್ಟ್ಯಾಗ ನೆಳ್ಳಿಗೆ ಇಡ್ರಿ, ಬುಡಕ್ಕ ಒಣ ಹೊಟ್ಟು ಹಾಸ್ರಿ. ನೀರು ಕುಡಿಸೋವಾಗ ಗಂಟಲಕ್ಕ ಸುರೀಬ್ಯಾಡ್ರಿ. ನಾಲಿಗಿ ಬುಡದಾಗನ ಉಸಿರಿನ ತೂತು ಇರತೈತಿ, ನೀರು ಅದರಾಗ ಹೋದ್ರ ಅಲ್ಲೇ ಸಾಯ್ತೈತಿ. ಕೊಕ್ಕಿನ ಬಾಜೂಕ ಒಂದೊಂದೇ ಹನಿ ಬಿಡ್ರಿ, ಅದು ನುಂಗಿದ ಮ್ಯಾಲೆ ಇನ್ನೊಂದು. 1 ಲೀಟರ್ ನೀರಿಗೆ 6 ಸಣ್ಣ ಚಮಚ ಸಕ್ರಿ, ಅರ್ಧ ಚಮಚ ಉಪ್ಪು, ದಿನಾ ಹೊಸದು ಮಾಡ್ರಿ. ಕತ್ತಿನ ಬುಡದಾಗ ಕಾಳು ಕೂಡೋ ಚೀಲ ಮುಟ್ಟಿ ನೋಡ್ರಿ, ಅದು ಖಾಲಿ ಆದ್ರ ಮಾತ್ರ ಜ್ವಾಳದ ನುಚ್ಚಿನ ತೆಳು ಗಂಜಿ ಒಂದೀಟು. ಹಾಳು ಬಿದ್ದ ಹಿಕ್ಕಿ ದೂರ ಹುಗೀರಿ. ಆರಾಮ ಇದ್ದ ಕೋಳಿಗೆ ಮೊದ್ಲ ನೀರು, ಮೇವು ಹಾಕಿ ಕಡೀಕ ಜಡ್ಡಾದವನ್ನ ಮುಟ್ರಿ, ಕೈ ತೊಳ್ಕೊಳ್ರಿ.

ಹಿತ್ತಲ ಕೋಳಿ, ಹುನಗುಂದ

ಎಲ್ಲಾರಿಗೂ ಶರಣ್ರಿ. ರಾತ್ರಿ ಬ್ಯಾಟರಿ ಹಚ್ಚಿ ನೋಡಿದ್ರ ಜಂತಿ ಸಂದ್ಯಾಗ ಹಿಡಿಗಟ್ಟಲೆ ಅದಾವ! ಮುಂಜಾನೆ ಹೊಸದಾಗಿ ಬಾಡಿದ ಹ್ಯಾಟೀನ ಡಾಕ್ಟರ್ ಹಂತ್ಯಾಕ ಒಯ್ದೆ. ರಕ್ತ ನೋಡಿ ಉಣ್ಣಿ ಜ್ವರ ಅಂದ್ರು, ಪೆನ್ಸಿಲಿನ್ ಇಂಜೆಕ್ಷನ್ ಸುರು ಮಾಡ್ಯಾರ. ಗೂಡಿಗೆ ಏನು ಮಾಡ್ಲಿ? ಹೊಲಕ್ಕ ಹೊಡಿಯೋ ಎಣ್ಣಿ ಐತಿ, ಅದನ್ನ ಹೊಡಿಲೇನ್ರಿ?

ಜವಾರಿ ಹುಂಜ, ಮುಧೋಳ

ಹೊಲದ ಎಣ್ಣಿ ಬ್ಯಾಡ್ರೀ ಅಣ್ಣಾರ, ಕೋಳಿ ಮ್ಯಾಲಿನ ಪ್ರೀತಿಗರ ಬ್ಯಾಡ. ಉಣ್ಣಿಗಿಂತ ಮೊದ್ಲ ಕೋಳಿ ಸಾಯ್ತಾವ. ದನಕ್ಕ ಹಚ್ಚೋ ಸೈಪರ್‌ಮೆಥ್ರಿನ್ ಇಲ್ಲಾ ಡೆಲ್ಟಾಮೆಥ್ರಿನ್ ಔಷಧ ತಗೊಳ್ರಿ. ಶೀಶೆ ಮ್ಯಾಲೆ ಮೈಗೆ ಒಂದಳತಿ, ಕೊಟ್ಟಿಗಿಗೆ ಒಂದಳತಿ ಬರ್ದಿರತೈತಿ. ಗ್ವಾಡಿಗೆ ಕೊಟ್ಟಿಗಿ ಅಳತಿ. ಅದನ್ನ ಕೋಳಿ ಮೈಗೆ ಹೊಡದ್ರ ವಿಷ.

ಕೋಳಿ, ತತ್ತಿ, ನೀರಿನ ಡಬ್ಬಿ ಎಲ್ಲಾ ಹೊರಗ ತಗೀರಿ. ಹಳೇ ಹೊಟ್ಟು, ಹಿಕ್ಕಿ ಕೆರದು ಸುಡ್ರಿ. ಪಂಪಿನ ನಳಿಗಿ ಸಂದಿ ಬಾಯಿಗೇ ಇಟ್ಟು, ನೀರು ಇಳಿದು ಬರೋ ತನಕ ಹೊಡೀರಿ. ಮ್ಯಾಲೆ ಮ್ಯಾಲೆ ತೋಯ್ಸಿದ್ರ ಒಳಗಿನವು ಹಂಗ ಉಳೀತಾವ. ಒಣಗಿದ ಮ್ಯಾಲನ ಕೋಳಿ ಒಳಗ ಬಿಡ್ರಿ. ಉಣ್ಣಿ ತತ್ತಿ ಒಡದು ಹೊಸ ಮರಿ ಬರ್ತಾವ, ಅದಕ್ಕ 10–15 ದಿನ ಬಿಟ್ಟು ಮತ್ತೊಮ್ಮೆ, ಇನ್ನೊಮ್ಮೆ ಹೊಡೀರಿ. ಆಮ್ಯಾಲೆ ಸಂದಿಗೆಲ್ಲಾ ಸಿಮೆಂಟ್ ತುಂಬಿ ಸುಣ್ಣ ಹಚ್ರಿ. ಗೂಡು ನಾಲ್ಕು ತಿಂಗಳು ಖಾಲಿ ಬಿಟ್ರ ಸಾಯ್ತಾವ ಅನ್ಕೋಬ್ಯಾಡ್ರಿ, ದೊಡ್ಡ ಉಣ್ಣಿ ರಕ್ತ ಇಲ್ದ ವರ್ಷಗಟ್ಟಲೆ ತಡೀತಾವ.

ಕುಂದ್ರೋ ಕೋಲು ಗ್ವಾಡಿಗೆ ತಾಗಬಾರ್ದು. ನಾಲ್ಕು ಕಾಲಿನ ಸ್ಟ್ಯಾಂಡ್ ಮಾಡಿ, ಒಂದೊಂದು ಕಾಲು ಒಂದೊಂದು ತಗಡಿನ ಡಬ್ಬ್ಯಾಗ ಇಟ್ಟು, ಡಬ್ಬ್ಯಾಗ ಸುಟ್ಟ ಇಂಜಿನ್ ಆಯಿಲ್ ಎರಡು ಬೆರಳು ಹಾಕ್ರಿ. ಉಣ್ಣಿ ಹಾರಂಗಿಲ್ಲ, ನಡಕೊಂತ ಬರ್ಬೇಕು, ಎಣ್ಣಿ ದಾಟಂಗಿಲ್ಲ. ಖರ್ಚು ಕಡಿಮಿ, ಕೆಲಸ ದೊಡ್ಡದು.

ನಿವೃತ್ತ ಪಶು ಪರಿವೀಕ್ಷಕ, ಜಮಖಂಡಿ

ಇಂಜೆಕ್ಷನ್ ಡಾಕ್ಟರ್ ಹೇಳಿದಷ್ಟು ದಿನ ಪೂರ್ತಿ ಕೊಡಿಸಿ. ಕೋಳಿ ಚುರುಕಾಯಿತೆಂದು ನಡುವೆ ಬಿಟ್ಟರೆ ನಿಮ್ಮ ಟೆಟ್ರಾಸೈಕ್ಲಿನ್ ಪುಡಿಯ ಗತಿಯೇ ಆಗುತ್ತದೆ. ಆ ದಿನಗಳ ತತ್ತಿ ತಿನ್ನುವುದು, ಮಾರುವುದು ಬೇಡ. ಯಾವತ್ತಿನಿಂದ ತಿನ್ನಬಹುದು ಅಂತ ಅವರನ್ನೇ ಕೇಳಿ.

ಲಸಿಕೆ ಜಡ್ಡಿನ ಕೋಳಿಗೆ ಹಾಕುವಂತಿಲ್ಲ. ಎಲ್ಲವೂ ಮೇವು ಹಿಡಿದು ಎರಡು ವಾರ ಕಳೆಯಲಿ. ಮುಂದೆ ಮರಿ ಮಾಡಿಸಿದರೆ 5–7ನೇ ದಿನ ಲಾಸೋಟಾ (ಕೊಕ್ಕರೆ ರೋಗದ ಹನಿ ಲಸಿಕೆ) ಕಣ್ಣಿಗೆ ಒಂದು ಹನಿ, ನಾಲ್ಕನೇ ವಾರ ಮತ್ತೊಮ್ಮೆ. ಎಂಟನೇ ವಾರ ಅದೇ ರೋಗದ ಚುಚ್ಚುವ ಲಸಿಕೆ ಆರ್‌2ಬಿ, ರೆಕ್ಕೆ ಕೆಳಗೆ ಚರ್ಮದಡಿ 0.5 ಮಿ.ಲೀ. ಲಾಸೋಟಾ ಕಾಣದ ಎಳೆ ಮರಿಗೆ ಆರ್‌2ಬಿ ಚುಚ್ಚಿದರೆ ಆ ಲಸಿಕೆಯಿಂದಲೇ ಕಾಲು ಬೀಳಬಹುದು. ಶೀಶೆ ನೂರು, ಇನ್ನೂರು ಕೋಳಿಯದ್ದೇ ಸಿಗುತ್ತದೆ, ಕಲಸಿದ ಮೇಲೆ ಎರಡು ತಾಸಿನಲ್ಲಿ ಮುಗಿಸಬೇಕು. ಹಾಗಾಗಿ ಓಣಿಯ ನಾಲ್ಕೈದು ಮನೆ ಒಂದೇ ದಿನ ಗೊತ್ತು ಮಾಡಿ, ಐಸ್ ಹಾಕಿದ ಥರ್ಮಾಸಿನಲ್ಲಿ ತಂದು, ಬಿಸಿಲೇರುವ ಮೊದಲು ಮುಂಜಾನೆ ಹಾಕಿಸಿ.

ಹಿತ್ತಲ ಕೋಳಿ, ಹುನಗುಂದ

ಬಾಜೂ ಮನ್ಯಾವರು ಮೂವರು ಒಪ್ಯಾರ್ರಿ. ಒಂದು ಕೇಳೋದೈತಿ, ಬುಟ್ಟ್ಯಾಗಿನ ತಿಂಗಳ ಮರಿ ಒಂದೆರಡು ಕೆಂಪಗೆ ಹಿಕ್ಕಿ ಹಾಕಾಕತ್ತಾವ. ಅದೂ ಉಣ್ಣೀದ ಏನ್ರಿ?

ಗೀತಕ್ಕ, ಇಂಡಿ

ಅಲ್ರೀ, ತಿಂಗಳ ಮರಿಗೆ ರಕ್ತ ಬಿದ್ರ ಹೆಚ್ಚಾಗಿ ರಕ್ತಭೇದಿ, ಹಸಿ ಹೊಟ್ಟಿನಿಂದ ಬರತೈತಿ. ಇವತ್ತ ಹೊಟ್ಟು ಬದಲ್ಸಿ ಒಣದು ಹಾಕ್ರಿ, ನೀರಿನ ಡಬ್ಬಿ ಇಟ್ಟಂಗಿ ಮ್ಯಾಲೆ ಎತ್ತರಿಸಿ ಚೆಲ್ಲದಂಗ ಇಡ್ರಿ. ಡಾಕ್ಟರಿಗೆ ಹಿಕ್ಕಿ ತೋರ್ಸಿ ಹೌದು ಅಂದ್ರ, ಆಂಪ್ರೋಲಿಯಂ 20% ಪುಡಿ 1 ಲೀಟರ್ ನೀರಿಗೆ 1.2 ಗ್ರಾಂ, 5 ದಿನ, ಬ್ಯಾರೆ ನೀರು ಇಡಬ್ಯಾಡ್ರಿ. ಆ ಐದು ದಿನ ಬಿ ವಿಟಮಿನ್ ಟಾನಿಕ್ ಬಂದ್ ಮಾಡ್ರಿ, ಅದು ಕೊಟ್ರ ಈ ಔಷಧ ಹತ್ತಂಗಿಲ್ಲ.