ಅಪ್ಪ ಒಂದು ಹನಿ ಮುಟ್ಟಿದವ್ರಲ್ಲ, ಆದ್ರೂ ಗ್ರೇಡ್ 2 ಫ್ಯಾಟಿ ಲಿವರ್ ಅಂತೆ

ರಾಜಾಜಿನಗರದವ್ನು:
ಎಲ್ರಿಗೂ ನಮಸ್ಕಾರ. ಅಪ್ಪಂಗೆ 58, ಶುಗರ್ ಬಂದು ಹತ್ತು ವರ್ಷ ಆಯ್ತು. ಹೋದ ವಾರ ಫುಲ್ ಬಾಡಿ ಚೆಕಪ್ ಮಾಡ್ಸಿದ್ವಿ, ಹೊಟ್ಟೆ ಸ್ಕ್ಯಾನಿಂಗಲ್ಲಿ ಗ್ರೇಡ್ 2 ಫ್ಯಾಟಿ ಲಿವರ್ ಅಂತ ಬಂತು. ಜೀವಮಾನದಲ್ಲಿ ಕುಡಿದವ್ರಲ್ಲ, ರಿಪೋರ್ಟ್ ನೋಡಿ ಅವ್ರಿಗೆ ಅವಮಾನ ಆದಂಗಾಗಿದೆ, ಅಮ್ಮನ ಮುಂದೆ ಆಣೆ ಪ್ರಮಾಣ ಬೇರೆ 😅 ಏರಿಯಾ ಡಾಕ್ಟ್ರು "ಈಗ ಎಲ್ರಿಗೂ ಇದೆ ಬಿಡಿ" ಅಂದ್ರು. ಪಕ್ಕದ್ಮನೆ ಆಂಟಿ ಅಮೃತಬಳ್ಳಿ ಕಷಾಯ ಶುರು ಮಾಡ್ಸಿದಾರೆ, ದಿನಾ ಎರಡು ಲೋಟ. ಗ್ಯಾಸ್ಟ್ರೋ ಡಾಕ್ಟ್ರ ಹತ್ರ ಹೋಗ್ಬೇಕಾ? ಅವ್ರು ಗ್ಯಾಸ್ಟ್ರಿಕ್ ನೋಡೋರಲ್ವಾ?

ಮೆಡಿಸಿನ್_ಪಿಜಿ:
ಲಿವರೂ ಅವ್ರದ್ದೇ ಗುರು. ಅನ್ನನಾಳ, ಹೊಟ್ಟೆ, ಕರುಳು, ಪಿತ್ತಕೋಶ ಎಲ್ಲಾ ನೋಡ್ತಾರೆ, ಎಂಡಿ ಆದ್ಮೇಲೆ ಇನ್ನೂ 3 ವರ್ಷ ಡಿಎಂ ಅನ್ನೋ ಸ್ಪೆಷಲ್ ಕೋರ್ಸ್ ಓದಿರ್ತಾರೆ. ಕುಡಿಯದೇ ಇದ್ರೂ ಶುಗರ್, ಬೊಜ್ಜು ಇದ್ರೆ ಲಿವರಲ್ಲಿ ಕೊಬ್ಬು ಸೇರುತ್ತೆ, ಅಪ್ಪನ ಮೇಲೆ ಡೌಟ್ ಬೇಡ. ಸ್ಕ್ಯಾನಿಂಗ್ ಗ್ರೇಡ್ ಹೇಳೋದು ಕೊಬ್ಬು ಎಷ್ಟಿದೆ ಅಂತ ಮಾತ್ರ, ಲಿವರ್ ಗಟ್ಟಿಯಾಗ್ತಿದ್ಯಾ ಅನ್ನೋದು ಅದ್ರಲ್ಲಿ ಗೊತ್ತಾಗಲ್ಲ, ಹೆದರ್ಬೇಕಾಗಿರೋದು ಅದಕ್ಕೆ. ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಎಷ್ಟಿದೆ ಹಾಕಿ, ಮೊದಲೆರಡು ಲಿವರ್ ಕಿಣ್ವ, ರಕ್ತದ ರಿಪೋರ್ಟಲ್ಲಿ ಇರುತ್ತೆ. ಕಷಾಯ ಇವತ್ತೇ ನಿಲ್ಸಿ, ಅಮೃತಬಳ್ಳಿಯಿಂದ ಲಿವರ್‌ಗೆ ಪೆಟ್ಟು ಬಿದ್ದಿರೋ ಕೇಸ್ ನಮ್ ದೇಶದಲ್ಲೇ ರಿಪೋರ್ಟ್ ಆಗಿವೆ, ಆಂಟಿ ಬೇಜಾರು ಮಾಡ್ಕೊಂಡ್ರೆ ಮಾಡ್ಕೊಳ್ಲಿ.

ರಾಜಾಜಿನಗರದವ್ನು:
ಎಸ್‌ಜಿಒಟಿ 41, ಎಸ್‌ಜಿಪಿಟಿ 56, ಪ್ಲೇಟ್‌ಲೆಟ್ 1.8 ಲಕ್ಷ.

ಮೆಡಿಸಿನ್_ಪಿಜಿ:
ವಯಸ್ಸೂ ಸೇರ್ಸಿ ಫಿಬ್-4 (ಲಿವರ್ ಗಟ್ಟಿಯಾಗಿರೋ ಸಾಧ್ಯತೆ ಅಂದಾಜು ಮಾಡೋ ಸ್ಕೋರ್) ಲೆಕ್ಕ ಹಾಕ್ದೆ, 1.77 ಬಂತು. 1.3ಕ್ಕಿಂತ ಕಮ್ಮಿ ಇದ್ದಿದ್ರೆ ಸದ್ಯಕ್ಕೆ ತೂಕ ಇಳಿಸ್ಕೊಳ್ಳಿ ಸಾಕು ಅಂತಿದ್ದೆ, 2.67 ದಾಟಿದ್ರೆ ತಡ ಮಾಡ್ಬೇಡಿ ಅಂತಿದ್ದೆ. ಇದು ಮಧ್ಯದಲ್ಲಿ ಕೂತಿದೆ, ಗ್ಯಾಸ್ಟ್ರೋಗೆ ತೋರ್ಸಿ ಫೈಬ್ರೋಸ್ಕ್ಯಾನ್ ಕೇಳಿ, ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯೋ ಟೆಸ್ಟ್ ಅದು. ಕಣ್ಣು ಹಳದಿ ಆದ್ರೆ, ಹೊಟ್ಟೆ ಊದ್ಕೊಂಡ್ರೆ, ಮಲ ಟಾರಿನ ಥರ ಕಪ್ಪಗೆ ಹೋದ್ರೆ ಅಪಾಯಿಂಟ್‌ಮೆಂಟ್ ಗಿಪಾಯಿಂಟ್‌ಮೆಂಟ್ ಕಾಯ್ಬೇಡಿ, ಸೀದಾ ಎಮರ್ಜೆನ್ಸಿಗೆ.

ಖಾರಾಬನ್_ಪ್ರೇಮಿ:
ನಂಗೂ ಇದೇ ಆಗಿತ್ತು. ಫೈಬ್ರೋಸ್ಕ್ಯಾನ್ ಏನೂ ಇಲ್ಲ, 3 ಗಂಟೆ ಖಾಲಿ ಹೊಟ್ಟೇಲಿ ಹೋಗ್ಬೇಕು, ಅಂಗಾತ ಮಲಗ್ಸಿ ಬಲಗೈ ತಲೆ ಕೆಳಗೆ ಇಡ್ಸಿ ಪಕ್ಕೆಲುಬಿನ ಸಂದೀಲಿ ತಣ್ಣಗಿರೋ ಜೆಲ್ ಹಚ್ಚಿ ಟಕ್ ಟಕ್ ಅಂತ ಹತ್ತು ಸಲ ಬೆರಳಲ್ಲಿ ಚಿಟಿಕಿ ಹೊಡ್ದಂಗೆ ಹೊಡೀತಾರೆ, ನೋವಿಲ್ಲ. ಡಾಕ್ಟ್ರು ಮಾತ್ರೆಗಿಂತ ಜಾಸ್ತಿ ನನ್ ಸಂಜೆ ತಿಂಡಿ ಬಗ್ಗೆನೇ ವಿಚಾರ್ಸಿದ್ರು. ತೂಕದಲ್ಲಿ ನೂರಕ್ಕೆ 7ರಿಂದ 10 ಭಾಗ ಇಳಿಸಿದ್ರೆ ಲಿವರ್ ಊತ ಇಳಿಯುತ್ತೆ ಅಂದ್ರು. ನಾನು 84 ಕೆಜಿ ಇದ್ದೆ, 77ಕ್ಕೆ ಬಂದೆ, ಒಂದು ವರ್ಷ ಹಿಡೀತು. ಅಯ್ಯಂಗಾರ್ ಬೇಕರಿ ರಸ್ತೆನೇ ಬಿಟ್ಟು ಸುತ್ಕೊಂಡು ಮನೆಗೆ ಹೋಗ್ತಿದ್ದೆ, ಹೆಸರು ಮಾತ್ರ ಇನ್ನೂ ಬದಲಾಯ್ಸಿಲ್ಲ 😄

ರಾಜಾಜಿನಗರದವ್ನು:
ಥ್ಯಾಂಕ್ಸ್ ಇಬ್ರಿಗೂ. ಗುರುವಾರ ಬೆಳಿಗ್ಗೆಗೆ ಅಪಾಯಿಂಟ್‌ಮೆಂಟ್ ಸಿಕ್ತು. ಕಷಾಯ ನಿಲ್ಸಿದೀವಿ, ಆಂಟಿ ಮುಖ ತಿರುಗಿಸ್ಕೊಂಡು ಓಡಾಡ್ತಿದಾರೆ. ಅಪ್ಪಂಗೆ ಲಿವರ್ ಚಿಂತೆ ಹೋಗಿ ಈಗ 3 ಗಂಟೆ ಕಾಫಿ ಇಲ್ದೆ ಹೆಂಗಿರೋದು ಅನ್ನೋ ಚಿಂತೆ ಹತ್ಕೊಂಡಿದೆ.