ಈ ವಾರ ಮಂಡ್ಯ ಕಡೆ ಮಳೆ ಹೇಗೆ? ಭಾನುವಾರ ಬೀಗರ ಊಟ, ತೋಟದಲ್ಲಿ ಬಾಳೆಗೊನೆ

ಕೊಪ್ಪದ ಹುಡುಗ:
ಎಲ್ಲರಿಗೂ ನಮಸ್ಕಾರ. ನಮ್ಮದು ಮದ್ದೂರು ತಾಲ್ಲೂಕು, ಕೊಪ್ಪ ಹೋಬಳಿ. ಬರುವ ಭಾನುವಾರ ಅಕ್ಕನ ಮದುವೆಯ ಬೀಗರ ಊಟ ಇದೆ. ಮನೆ ಮುಂದಿನ ಖಾಲಿ ಜಾಗದಲ್ಲೇ ಶಾಮಿಯಾನ ಹಾಕಿಸೋಣ ಅಂತ ಅಪ್ಪ ಹಠ ಹಿಡಿದಿದ್ದಾರೆ. ಮೊಬೈಲ್ ತೆಗೆದರೆ ಸೋಮವಾರದಿಂದ ಭಾನುವಾರದವರೆಗೂ ಅದೇ ಮೋಡ, ಅದೇ ಮಿಂಚು, ಅದೇ 40%. ಈ 40 ಅಂದ್ರೆ ಏನು? ತಾಲ್ಲೂಕಿನ ಅಷ್ಟು ಭಾಗಕ್ಕೆ ಮಳೆಯಾ, ಇಲ್ಲಾ ದಿನದಲ್ಲಿ ಅಷ್ಟು ಹೊತ್ತು ಮಳೆಯಾ? ಟಿವಿ ಹಾಕಿದರೆ ನಾಳೆನೇ ಪ್ರಳಯ ಅನ್ನೋ ಥರ ಕೂಗ್ತಾರೆ. ಹೋದ ವಾರ ಪಕ್ಕದ ಊರಲ್ಲಿ ಚರಂಡಿ ತುಂಬಿ ಹರಿಯಿತು, ನಮ್ಮಲ್ಲಿ ಧೂಳು ಅಡಗುವಷ್ಟೂ ಬೀಳಲಿಲ್ಲ.

ಇದರ ಜೊತೆಗೆ ಏಲಕ್ಕಿ ಬಾಳೆ ಗೊನೆ ಬಲಿಯುತ್ತಾ ಇದೆ. ಗಿಡ ಬೀಳದ ಹಾಗೆ ಇನ್ನೂ ಕವೆಗೋಲು ಕೊಟ್ಟಿಲ್ಲ. ಗಳ ತರಿಸೋದು, ಆಳು ಕರೆಯೋದು ಅಂದ್ರೆ ಖರ್ಚು ಇದ್ದೇ ಇದೆ, ಈ ವಾರ ಗಾಳಿ ಬರಲ್ಲ ಅಂತಾದರೆ ಮದುವೆ ಗಲಾಟೆ ಮುಗಿದ ಮೇಲೆ ನೋಡಿಕೊಳ್ಳೋಣ ಅಂತ ಇದ್ದೀನಿ. ಗೊತ್ತಿರುವವರು ಹೇಳಿ.

ಕುವೆಂಪುನಗರದ ಮೋಡ:
40% ಅಂದ್ರೆ ಎರಡೂ ಅಲ್ಲ. ಇಂಥದ್ದೇ ವಾತಾವರಣ ಇರುವ 10 ದಿನ ತೆಗೆದುಕೊಂಡರೆ ನೀವಿರುವ ಜಾಗಕ್ಕೆ 4 ದಿನ ಮಳೆ ಬೀಳಬಹುದು, 6 ದಿನ ಬೀಳಲ್ಲ. ಎಷ್ಟು ಜೋರು, ಎಷ್ಟು ಹೊತ್ತು ಅನ್ನೋದು ಆ ಅಂಕಿಯಲ್ಲಿ ಇರೋದೇ ಇಲ್ಲ. ಹವಾಮಾನ ಇಲಾಖೆಯ ಲೆಕ್ಕ ಬೇರೆ. ಅವರು 'ಒಂದೆರಡು ಕಡೆ' ಅಂದರೆ ಆ ಭಾಗದ ಮಳೆಮಾಪನ ಕೇಂದ್ರಗಳಲ್ಲಿ 25%ಗಿಂತ ಹೆಚ್ಚು ಕಡೆ ಮಳೆ ಇರಲ್ಲ ಅಂತ. 'ಹಲವು ಕಡೆ' ಅಂದರೆ ಅರ್ಧಕ್ಕಿಂತ ಜಾಸ್ತಿ. ಟಿವಿಯವರು ಈ ವ್ಯತ್ಯಾಸ ನುಂಗಿಬಿಡ್ತಾರೆ, ಎಲ್ಲಾನೂ 'ರಾಜ್ಯಾದ್ಯಂತ ಭಾರಿ ಮಳೆ' ಆಗಿಹೋಗುತ್ತೆ. ಇಲಾಖೆ ಭಾರಿ ಮಳೆ ಅನ್ನೋದೇ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ.

ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ನಮ್ಮ ಕಡೆ ಬೀಳೋದು ಮುಂಗಾರು ಮಳೆ ಅಲ್ಲ. ವಿದರ್ಭ, ಮರಾಠವಾಡದ ಕಡೆಯಿಂದ ನಮ್ಮ ಒಳನಾಡಿನ ಮೇಲೆ ಹಾದು ತಮಿಳುನಾಡಿನವರೆಗೆ ಗಾಳಿ ಒತ್ತಡ ಕಡಿಮೆ ಇರುವ ಒಂದು ಪಟ್ಟಿ ಈ ದಿನಗಳಲ್ಲಿ ಆಗಾಗ ಬೀಳುತ್ತೆ. ಎರಡೂ ಸಮುದ್ರದ ತೇವ ಅಲ್ಲಿಗೆ ಬಂದು ಸೇರುತ್ತೆ, ಹಗಲಿನ ಬಿಸಿಲು ಅದನ್ನು ಮೇಲಕ್ಕೆ ಎತ್ತುತ್ತೆ. ಬೆಳಗ್ಗೆ ಒಂದು ಎಲೆ ಅಲುಗಲ್ಲ, ಬನಿಯನ್ ಮೈಗೆ ಅಂಟಿಕೊಳ್ಳುತ್ತೆ, ಮಧ್ಯಾಹ್ನ ಹೂಕೋಸಿನ ಹಾಗೆ ಮೋಡ ಏಳುತ್ತೆ, ಸಂಜೆ ಗುಡುಗು. ಆ ಒಂದು ಮೋಡ ಕೆಲವೇ ಕಿ.ಮೀ. ಅಗಲ, ಅದರ ಆಯಸ್ಸು ಹೆಚ್ಚುಕಡಿಮೆ ಒಂದು ಗಂಟೆ. 2025ರ ಮೇನಲ್ಲಿ ಶುರುವಾದ ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಅನ್ನೋ ಇಲಾಖೆಯ ಮುನ್ಸೂಚನೆ ವ್ಯವಸ್ಥೆ ದೇಶವನ್ನು 6 ಕಿ.ಮೀ. ಚೌಕಗಳಾಗಿ ನೋಡುತ್ತೆ, ಅದಕ್ಕೂ ಮುಂಚೆ 12 ಕಿ.ಮೀ. ಇತ್ತು. ಆದರೂ ಭಾನುವಾರ ಏಳಬೇಕಾದ ಮೋಡ ಕೊಪ್ಪದ ಮೇಲೋ ಕೆಸ್ತೂರಿನ ಮೇಲೋ ಅಂತ ಸೋಮವಾರನೇ ಹೇಳೋಕೆ ಯಾರ ಕೈಲೂ ಆಗಲ್ಲ. ದಿನಾ ಅದೇ 40% ಬರ್ತಿರೋದೂ ಅದಕ್ಕೇ. ವಾರದ ಮುನ್ಸೂಚನೆ ನಿಮಗೆ ಹೇಳ್ತಿರೋದು ಇಷ್ಟೇ: ಈ ವಾರ ಯಾವ ಸಂಜೆ ಬೇಕಾದರೂ ಆಗಬಹುದು, ತಯಾರಾಗಿರಿ.

ದಿನ ಹತ್ತಿರ ಬಂದ ಮೇಲೆ ಇಲಾಖೆಯವರು ಜಿಲ್ಲಾವಾರು ಕೊಡುವ 3 ಗಂಟೆಯ ಎಚ್ಚರಿಕೆ ನೋಡಿ, ಅದು ನಿಜವಾಗಲೂ ಕೆಲಸಕ್ಕೆ ಬರುತ್ತೆ. ಇಲ್ಲಾ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣಮಿತ್ರ ಸಹಾಯವಾಣಿಗೆ ಫೋನ್ ಮಾಡಿ, 92433 45433. ಅವರ ಮಳೆಮಾಪಕ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇದೆ. ಕನ್ನಡದಲ್ಲೇ ಮಾತಾಡ್ತಾರೆ.

ನಂಜನಗೂಡು ರಸಬಾಳೆ:
ತಮ್ಮಾ, ನೀನು ಮಳೆ ಲೆಕ್ಕ ಹಾಕ್ತಾ ಕೂತಿದ್ದೀಯ, ಬಾಳೆ ಮಲಗಿಸೋದು ಗಾಳಿ. ಮಳೆಗೆ ಮುಂಚೆ ಹತ್ತು ನಿಮಿಷ ಬೀಸುತ್ತಲ್ಲ, ತೋಟ ಹೋಗೋದು ಅದರಲ್ಲೇ. ಎಷ್ಟೋ ಸಲ ಗಾಳಿ ಮಾತ್ರ ಬಂದು ಮಳೆ ಬೇರೆ ಊರಿಗೆ ಹೋಗಿರುತ್ತೆ. ಇಲಾಖೆಯ ಎಚ್ಚರಿಕೆಯಲ್ಲಿ ಗಂಟೆಗೆ 40-50 ಕಿ.ಮೀ. ಗಾಳಿ ಅಂತ ಬರೆದಿದ್ದರೆ, ಅದರ ಪಕ್ಕ ಹಳದಿ ಅಲರ್ಟ್ ಇರಲಿ ಇನ್ನೊಂದು ಇರಲಿ, ಕೆಲಸ ಶುರು ಮಾಡು.

ಮದುವೆ ಮುಗಿಯಲಿ ಅಂತ ಕಾಯಬೇಡ. ದುಡ್ಡು ಸಾಲದಿದ್ದರೆ ಎಲ್ಲಾ ಗಿಡಕ್ಕೂ ಬೇಡ, ಅಂಚಿನ ಸಾಲಿಗೆ ಮೊದಲು ಕೊಡು, ಆಮೇಲೆ ಗೊನೆ ಭಾರ ಇರೋದಕ್ಕೆ. ಗೊನೆ ಬಾಗಿರುವ ಕಡೆಯಿಂದಲೇ ಕವೆ ಕೊಡಬೇಕು. ಕವೆ ಕೂರುವ ಜಾಗದಲ್ಲಿ ಒಣಗಿದ ಬಾಳೆಪಟ್ಟೆ ಸುತ್ತು, ಇಲ್ಲದಿದ್ದರೆ ಗಾಳಿಗೆ ಉಜ್ಜಿ ಉಜ್ಜಿ ಗಿಡದ ಕುತ್ತಿಗೆ ಕೊಯ್ದುಹೋಗುತ್ತೆ, ಗಿಡ ನಿಂತಿದ್ದರೂ ಗೊನೆ ಬಲಿಯಲ್ಲ. ಒಣ ಎಲೆ ತೆಗೆದುಬಿಡು, ಗಾಳಿ ಹಿಡಿಯೋದು ಕಮ್ಮಿ ಆಗುತ್ತೆ. ಮೋಡ ಕಟ್ಟಿರುವ ದಿನ ಮಾತ್ರ ನಾಲೆ ನೀರು ತುಂಬಿಸಬೇಡ. ಬುಡ ನೆಂದು ಸಡಿಲ ಆಗಿದ್ದರೆ ಬೇರು ಸಮೇತ ಕಿತ್ತುಕೊಂಡು ಬೀಳುತ್ತೆ.

ಪಾಂಡವಪುರ ಎಕ್ಸ್‌ಪ್ರೆಸ್:
ಅದೆಲ್ಲಾ ಇರಲಿ ಗುರು, ಈ ವಾರದ ಮಳೆಗೆ ಕೆಆರ್‌ಎಸ್ ಎಷ್ಟು ಅಡಿ ಏರುತ್ತೆ?

ಕುವೆಂಪುನಗರದ ಮೋಡ:
ಮಂಡ್ಯದಲ್ಲಿ ಎಷ್ಟು ಸುರಿದರೂ ಕೆಆರ್‌ಎಸ್‌ಗೆ ಏನು ಬಂತು, ಅಣೆಕಟ್ಟೆ ಇರೋದು ನಿಮ್ಮೂರಿಗಿಂತ ಮೇಲೆ. ಅದು ತುಂಬಬೇಕಾದರೆ ಭಾಗಮಂಡಲದ ಕಡೆ ದಿನಗಟ್ಟಲೆ ಹಿಡಿದು ಸುರಿಯಬೇಕು, ಹೇಮಾವತಿಯಲ್ಲೂ ನೀರು ಬರಬೇಕು. ಅದು ಜೂನ್-ಜುಲೈ ಮಾತು. ಭರ್ತಿಯಾದ 124.80 ಅಡಿ ಫೋಟೊ ಆಗ ಹಾಕೋಣ.

ಕೊಪ್ಪದ ಹುಡುಗ:
ಅಣ್ಣಂದಿರಿಗೆ ಥ್ಯಾಂಕ್ಸ್. ಗಳಕ್ಕೆ ಇವತ್ತೇ ಹೇಳ್ತೀನಿ. ಶಾಮಿಯಾನದ ಕಥೆ? ಸಮುದಾಯ ಭವನ ಖಾಲಿ ಇದೆ, ಆದರೆ ಬೀಗರನ್ನು ಮನೆ ಬಾಗಿಲಿಗೆ ಕರೆಯದೆ ಭವನಕ್ಕೆ ಕರೆದರೆ ಏನಂದುಕೊಳ್ತಾರೆ ಅಂತ ಅಪ್ಪ.

ಮಳವಳ್ಳಿ ಅಡುಗೆ:
ನಮ್ಮದು ಅಡುಗೆ ಕಾಂಟ್ರ್ಯಾಕ್ಟ್, ಏಪ್ರಿಲ್-ಮೇ ಪೂರ್ತಿ ಇದೇ ಪಾಡು. ಮನೆ ಮುಂದೆನೇ ಮಾಡಿ, ಆದರೆ ಮೊದಲ ಪಂಕ್ತಿ 12 ಗಂಟೆಗೇ ಕೂರಿಸಿ. ಈ ದಿನಗಳ ಮಳೆ ಸಾಮಾನ್ಯವಾಗಿ 3 ಗಂಟೆ ಮೇಲೆ. ಬೀಗರು ಲೇಟಾಗಿ ಬರ್ತಾರೆ ಅನ್ನೋದು ಗೊತ್ತಿರೋದೇ, ಅದಕ್ಕೆ ಕರೆಯುವಾಗಲೇ 11 ಅಂತ ಹೇಳಿ. ಶಾಮಿಯಾನದ ಪಕ್ಕದ ಪರದೆ ಕಟ್ಟಿಸಬೇಡಿ, ಗಾಳಿ ಒಳಗೆ ತುಂಬಿಕೊಂಡರೆ ಕಂಬ ಸಮೇತ ಎತ್ತುತ್ತೆ. ಹಗ್ಗವನ್ನು ಕರೆಂಟ್ ಕಂಬಕ್ಕೆ ಕಟ್ಟೋಕೆ ಹೋಗ್ತಾರೆ ಹುಡುಗರು, ಬಿಡಲೇಬೇಡಿ. ಒಲೆ ಮಾತ್ರ ಶೀಟ್ ಕೆಳಗೆ ಹಾಕಿಸಿ. ಮಟನ್ ಬೇಯುವಾಗ ನೀರು ಬಿದ್ದರೆ ಯಾವ ಭಟ್ಟರೂ ಏನೂ ಮಾಡೋಕಾಗಲ್ಲ. ಭವನದ ಬೀಗದ ಕೈ ಒಂದು ಇಸ್ಕೊಂಡು ಇಟ್ಟಿರಿ.

ನಂಜನಗೂಡು ರಸಬಾಳೆ:
ಇನ್ನೊಂದು. ಮಿಂಚು ಕಂಡು 30 ಸೆಕೆಂಡ್ ಒಳಗೆ ಗುಡುಗು ಕೇಳಿದರೆ ಎಲ್ಲರನ್ನೂ ಮನೆ ಒಳಗೆ ಕಳಿಸು. ಕೊನೆ ಗುಡುಗು ಆಗಿ ಅರ್ಧ ಗಂಟೆ ಆಚೆ ಬರಬಾರದು. ತೆಂಗಿನ ಮರದ ಕೆಳಗೆ ಬೀಡಿ ಸೇದ್ತಾ ನಿಲ್ಲೋರು ಪ್ರತಿ ಮದುವೆಯಲ್ಲೂ ನಾಲ್ಕು ಜನ ಇರ್ತಾರೆ, ಅವರನ್ನೂ ಬೈದು ಕರೆಸು.

ಕೋಟೆ ಹತ್ತಿ:
ಮಧ್ಯೆ ಬಾಯಿ ಹಾಕ್ತಿದ್ದೀನಿ, ಬೇಜಾರಾಗಬೇಡಿ. ಭರಣಿ ಮಳೆ ಧರಣಿಯೆಲ್ಲಾ ಬೆಳೆ ಅಂತಾರಲ್ಲ, ಈ ವಾರ ಒಂದು ಸಂಜೆ ಬಿದ್ದರೆ ಅಲಸಂದೆ ಬಿತ್ತಬಹುದಾ?

ಕುವೆಂಪುನಗರದ ಮೋಡ:
ಬಿದ್ದ ಮಾರನೇ ದಿನ ಬೆಳಗ್ಗೆ ಗುದ್ದಲಿಯಲ್ಲಿ ಒಂದು ಗೇಣು ಅಗೆದು ನೋಡಿ. ಕೆಳಗೂ ಮಣ್ಣು ಉಂಡೆ ಕಟ್ಟಿದರೆ ಬಿತ್ತಿ. ಮೇಲೆ ನಾಲ್ಕು ಬೆರಳು ಒದ್ದೆ, ಅಡಿಯಲ್ಲಿ ಬೂದಿ ಥರ ಇದ್ದರೆ ಉತ್ತು ಬಿಡಿ ಸಾಕು, ಬೀಜ ಚೀಲದಲ್ಲೇ ಇರಲಿ. ಮಂಗಳವಾರ, ಶುಕ್ರವಾರ ಇಲಾಖೆಯ ಕೃಷಿ ಹವಾಮಾನ ಸಲಹೆ ಬರುತ್ತೆ, ಮೇಘದೂತ್ ಆ್ಯಪ್‌ನಲ್ಲಿ ಕನ್ನಡದಲ್ಲೇ ಇರುತ್ತೆ. ಮುಂದಿನ ಐದು ದಿನದ ಮಳೆ, ಗಾಳಿ ಎರಡೂ ಅದರಲ್ಲಿ ಕೊಟ್ಟಿರ್ತಾರೆ, ಶುಕ್ರವಾರದ್ದು ನೋಡಿಕೊಂಡು ನಿರ್ಧಾರ ಮಾಡಿ.