ಸಹಾಯ ಬೇಕು: ಹಳೆಯ ಕನ್ನಡ ಡಿಟಿಪಿ ಫ್ಲಾಪಿಗಳನ್ನು ಓದಬಲ್ಲವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ನಮ್ಮ ದೊಡ್ಡಪ್ಪ ನಡೆಸುತ್ತಿದ್ದ ಡಿಟಿಪಿ ಅಂಗಡಿಯ ಸಾಮಾನಿನಲ್ಲಿ ಒಂದು ಪೆಟ್ಟಿಗೆ ತುಂಬ ಫ್ಲಾಪಿಗಳು ಸಿಕ್ಕಿವೆ. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಸಣ್ಣ ಪತ್ರಿಕೆಗಳ ಪುಟ ಅಂತ ಲೇಬಲ್ ಮೇಲೆ ಬರೆದಿದೆ. ಕನ್ನಡ ಕಂಪ್ಯೂಟರಿಗೆ ಬಂದ ಕಾಲದ ಇಂಥ ದಾಖಲೆ ಎಷ್ಟು ಅಂಗಡಿಗಳಲ್ಲಿ ಗುಜರಿಗೆ ಹೋಗಿದೆಯೋ! ಇದಾದರೂ ಉಳಿಯಲಿ ಅಂತ ನನ್ನಾಸೆ.

ಮೂರೂವರೆ ಇಂಚಿನವು ಯುಎಸ್‌ಬಿ ಡ್ರೈವ್‌ನಲ್ಲಿ ಕೆಲವು ತೆರೆಯುತ್ತಿವೆ. ಆದರೆ ಪರದೆ ತುಂಬ ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ. ಎಲ್ಲ ಕಂಪ್ಯೂಟರಿಗೂ ಒಂದೇ ಅಕ್ಷರ ಸಂಕೇತವಾದ ಯೂನಿಕೋಡ್ ಬಳಕೆಗೆ ಬರುವ ಮೊದಲು ಒಂದೊಂದು ತಂತ್ರಾಂಶವೂ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ತನ್ನದೇ ಕ್ರಮದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸುತ್ತಿತ್ತು ಅಲ್ವಾ. ಸರಿಯಾದ ಫಾಂಟ್ ಇಲ್ಲದಿದ್ದರೆ ಕಡತ ಇದ್ದೂ ಇಲ್ಲದಂತೆ. ನುಡಿ, ಬರಹ ಎಂಬ ಕನ್ನಡ ತಂತ್ರಾಂಶಗಳ ಕಡತಗಳನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ. ಆದರೆ ಈ ಫ್ಲಾಪಿಗಳು 1998ರಲ್ಲಿ ಬರಹ ಬರುವುದಕ್ಕೂ ಮುಂಚಿನವು. ಯಾವ ತಂತ್ರಾಂಶದವು ಅಂತ ದೊಡ್ಡಪ್ಪನಿಗೂ ನೆನಪಿಲ್ಲ.

ಆಗ ಡಿಟಿಪಿ ಕೆಲಸ ಮಾಡಿದವರು ಇಲ್ಲಿದ್ದರೆ ದಯವಿಟ್ಟು ಒಮ್ಮೆ ನೋಡಿ. ಸ್ಕ್ರೀನ್‌ಶಾಟ್ ಕಳಿಸುತ್ತೇನೆ. ಹಳೆ ಫಾಂಟ್, ತಂತ್ರಾಂಶದ ಕೈಪಿಡಿ, ಕೀಲಿಮಣೆಯ ಚಾರ್ಟ್ ಮನೆಯಲ್ಲಿದ್ದರೆ ಎಸೆಯಬೇಡಿ, ಫೋಟೊ ತೆಗೆದು ಕಳಿಸಿದರೂ ಸಾಕು.

ಐದೂಕಾಲು ಇಂಚಿನವೂ ಸ್ವಲ್ಪ ಇವೆ. ಅವಕ್ಕೆ ಹಳೆ ಡ್ರೈವ್ ಜೊತೆ ಗ್ರೀಸ್‌ವೀಸಲ್ ಥರದ, ಆ ಡ್ರೈವನ್ನು ಈಗಿನ ಕಂಪ್ಯೂಟರಿಗೆ ಜೋಡಿಸಿ ಓದಿಸುವ ಸಾಧನ ಬೇಕು. ಶಿವಮೊಗ್ಗ ಅಥವಾ ಬೆಂಗಳೂರಿನಲ್ಲಿ ಯಾರ ಹತ್ತಿರವಾದರೂ ಇದ್ದರೆ ನಾನೇ ಫ್ಲಾಪಿ ತರುತ್ತೇನೆ. ಕೆಲವಕ್ಕೆ ಬೂಷ್ಟು ಹಿಡಿದಿದೆ, ಅವನ್ನು ಡ್ರೈವ್‌ಗೆ ಹಾಕಿಲ್ಲ. ಸ್ವಚ್ಛ ಮಾಡುವ ಕ್ರಮ ಗೊತ್ತಿದ್ದವರು ಮಳೆಗಾಲಕ್ಕೆ ಮುಂಚೆ ತಿಳಿಸಿದರೆ ತುಂಬಾ ಉಪಕಾರ.